ಕಂದು ಹಲ್ಲಿನ ಸೀಮೆ

ನಮ್ಮ ಕಡೆಯ ಶಾಲೆಗಳಲ್ಲಿ ಹತ್ತನೇ ತರಗತಿ ಮುಗಿಯುವಾಗ ತೆಗೆಸುವ ಗ್ರೂಪ್ ಫೋಟೋಗಳನ್ನು ನೋಡಿ. ಫೋಟೋದವರು ‘ಸ್ವಲ್ಪ ನಗ್ರಪ್ಪಾ’ ಎಂದು ಕೇಳಿಕೊಂಡಿರುತ್ತಾರೆ. ಮಕ್ಕಳ ಕಣ್ಣು ನಗುತ್ತಿರುತ್ತವೆ, ಕೆನ್ನೆ ಉಬ್ಬಿರುತ್ತವೆ, ತುಟಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತದೆ. ಹೆಣ್ಣುಮಕ್ಕಳಾದರೆ ನಗು ಬಂದೊಡನೆ ದುಪಟ್ಟದ ತುದಿ ಬಾಯಿಗೆ ಹೋಗುತ್ತದೆ. ಹೊರಗಿನವರು ಇದನ್ನು ಹಳ್ಳಿ ಮಕ್ಕಳ ನಾಚಿಕೆ ಅಂದುಕೊಳ್ಳುತ್ತಾರೆ. ನಾಚಿಕೆ ಹೌದು, ಆದರೆ ಅದು ನೀರಿನಿಂದ ಬಂದ ನಾಚಿಕೆ. ಮೇಲಿನ ಮುಂಬಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಅದರ ನಡುವೆ ಚಹಾ ಚೆಲ್ಲಿ ಒಣಗಿದಂಥ ಕಂದು ಪಟ್ಟಿ. ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಆಮೇಲೆ ಬಗೆಬಗೆಯ ಪೇಸ್ಟು, ಎಲ್ಲದರಿಂದ ಉಜ್ಜಿ ಒಸಡಿನಲ್ಲಿ ರಕ್ತ ಬಂದರೂ ಆ ಪಟ್ಟಿ ಕದಲುವುದಿಲ್ಲ. ಕೊಳೆಯಾಗಿದ್ದರೆ ತಾನೇ ಹೋಗುವುದು.

ಮಡಕಶಿರ ಆಂಧ್ರಪ್ರದೇಶದ ಅಂಚು ಕರ್ನಾಟಕದೊಳಕ್ಕೆ ಚಾಚಿಕೊಂಡ ಮೂಲೆ. ಒಂದು ಕಡೆ ಪಾವಗಡ, ಒಂದು ಕಡೆ ಶಿರಾ, ಇನ್ನೊಂದು ಕಡೆ ಮಧುಗಿರಿ. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರದ ಮನೆಗಳಲ್ಲಿ ಕನ್ನಡದ ಮಾತು, ಕಚೇರಿಯಲ್ಲಿ ತೆಲುಗಿನ ಕಾಗದ. ನೊಳಂಬರು ರಾಜಧಾನಿ ಮಾಡಿಕೊಂಡಿದ್ದ ಹೆಂಜೇರು, ಈಗಿನ ಹೇಮಾವತಿ, ಇಲ್ಲಿಯದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯ ಜೊತೆ ಮಡಕಶಿರ ಅಲ್ಲಿಗೆ ಹೋಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವೂ ಹೋಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಮತ್ತೆ ಒಡೆದು ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿ ಎಷ್ಟು ಸಲ ಸರಿದರೂ ಕೆಳಗಿನ ಬಂಡೆ ಒಂದೇ. ಪಾವಗಡದ ಮಕ್ಕಳ ಹಲ್ಲಿಗೂ ಮಡಕಶಿರದ ಮಕ್ಕಳ ಹಲ್ಲಿಗೂ ರಾಜ್ಯ ಯಾವುದೆಂದು ಗೊತ್ತಿಲ್ಲ.

ಈ ಕಲೆ ಏನೆಂದು ಜಗತ್ತಿಗೆ ತಿಳಿಯತೊಡಗಿದ್ದು 1901ರಲ್ಲಿ, ಎರಡು ಊರುಗಳಲ್ಲಿ. ಇಟಲಿಯ ನೇಪಲ್ಸ್ ಬಂದರಿನಲ್ಲಿ ಅಮೆರಿಕಕ್ಕೆ ಹಡಗು ಹತ್ತುವವರನ್ನು ತಪಾಸಣೆ ಮಾಡುತ್ತಿದ್ದ ಈಗರ್ ಎಂಬ ವೈದ್ಯ, ಹತ್ತಿರದ ಪೊತ್ಸುವೋಲಿ ಕಡೆಯಿಂದ ಬಂದವರ ಹಲ್ಲು ವಿಚಿತ್ರವಾಗಿ ಕಪ್ಪುಗಟ್ಟಿರುವುದನ್ನು ಬರೆದಿಟ್ಟ. ಅದೇ ವರ್ಷ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಬೆಟ್ಟದೂರು ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಕ್ಲಿನಿಕ್ ತೆರೆದ. ಬಂದವರೆಲ್ಲ ಬಾಯಿ ತೆರೆದರೆ ಕಂದು ಕಲೆ. ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ, ಹಾಲು ಕೆಟ್ಟದ್ದಕ್ಕೆ ಎಂದು ಊರವರು ಕಾರಣ ಹೇಳುತ್ತಿದ್ದರು. ಮೆಕೇ ಪುಸ್ತಕ ತಿರುವಿದ, ಎಲ್ಲೂ ಈ ಕಾಯಿಲೆಯ ಹೆಸರಿಲ್ಲ. ಆ ಊರಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ನೂರಕ್ಕೆ ಎಂಬತ್ತೇಳೆಂಟು ಮಂದಿಗೆ ಕಲೆಯಿದೆ ಎಂದು ಎಣಿಸಿದ ಮೇಲೆ ಅವನ ಮಾತಿಗೆ ಬೆಲೆ ಬಂತು. 1909ರಲ್ಲಿ ಆ ಕಾಲದ ದಂತವೈದ್ಯರಲ್ಲೆಲ್ಲ ಹಿರಿಯನಾದ ಜಿ.ವಿ. ಬ್ಲ್ಯಾಕ್ ತಾನೇ ನೋಡಲು ಬಂದ, 1915ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸದಲ್ಲಿ ಜೊತೆಗಿದ್ದ. ಇಬ್ಬರೂ ಸೇರಿ ಎರಡು ಮುಖ್ಯ ಸಂಗತಿ ಕಂಡುಕೊಂಡರು. ಒಂದು, ಕಲೆ ಮೇಲಿಂದ ಹತ್ತಿದ್ದಲ್ಲ, ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವಾಗಲೇ ಆದ ಲೋಪ. ದೊಡ್ಡವರಾದ ಮೇಲೆ ಊರಿಗೆ ಬಂದು ನೆಲೆಸಿದವರಿಗೆ ಇದು ಬರುವುದಿಲ್ಲ. ಎರಡು, ಕಲೆ ಬಿದ್ದ ಹಲ್ಲು ಅಷ್ಟಾಗಿ ಹುಳುಕಾಗುವುದಿಲ್ಲ.

ಮುಂದಿನದನ್ನು ಕಂಡುಕೊಟ್ಟವರು ತಾಯಂದಿರು. ಇಡಾಹೋ ರಾಜ್ಯದ ಓಕ್ಲಿ ಎಂಬ ಪುಟ್ಟ ಊರಿನವರು ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಹೊಸ ಪೈಪು ಹಾಕಿಸಿಕೊಂಡಿದ್ದರು. ಆಮೇಲೆಯೇ ನಮ್ಮ ಮಕ್ಕಳ ಹಲ್ಲು ಹೀಗಾಗುತ್ತಿದೆ ಎಂದು 1923ರಲ್ಲಿ ಮೆಕೇಗೆ ಹೇಳಿದರು. ಆ ನೀರು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಎಂದ ಮೆಕೇ. ಕೆಲವು ವರ್ಷಗಳಲ್ಲಿ ಅಲ್ಲಿ ಹೊಸದಾಗಿ ಹುಟ್ಟುವ ಹಲ್ಲುಗಳು ಬೆಳ್ಳಗೆ ಬರತೊಡಗಿದವು. ನೀರಿನಲ್ಲಿ ಏನಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1931ರಲ್ಲಿ. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬ ಗುಲ್ಲು ಆಗ ಎದ್ದಿತ್ತು. ಅಲ್ಯೂಮಿನಿಯಂ ಅದಿರಿನ ಗಣಿಯೂರಾದ ಬಾಕ್ಸೈಟ್‌ನ ಮಕ್ಕಳಲ್ಲೂ ಇದೇ ಕಲೆ ಎಂಬ ಸುದ್ದಿ ಬಂದಾಗ ಅಲ್ಕೋವಾ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಆ ಊರಿನ ನೀರನ್ನು ಬೆಳಕಿನ ವರ್ಣಪಟಲದಲ್ಲಿಟ್ಟು ನೋಡಿದ. ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್! ನಂಬದೆ ಇನ್ನೊಂದು ಸಲ ನೀರು ತರಿಸಿ ನೋಡಿದ, ಉತ್ತರ ಬದಲಾಗಲಿಲ್ಲ. ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯ ಊರೂರು ತಿರುಗಿ, ಹಲ್ಲಿನ ಕಲೆಗೆ ‘ಸಹಜ’ದಿಂದ ‘ತೀವ್ರ’ದವರೆಗೆ ದರ್ಜೆ ಕಟ್ಟಿದ. ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಹಲ್ಲು ಕೆಡುವುದಿಲ್ಲ, ಹುಳುಕೂ ಕಡಿಮೆ ಎಂದು ತೋರಿಸಿದ. 1945ರ ಜನವರಿ 25ರಂದು ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣ ತನ್ನ ಕುಡಿಯುವ ನೀರಿಗೆ ಫ್ಲೋರೈಡನ್ನು ತಾನೇ ಬೆರೆಸಿಕೊಂಡಿತು. ಯಾವುದು ನಮ್ಮ ಮಕ್ಕಳ ಬಾಯಿ ಮುಚ್ಚಿಸಿತೋ ಅದೇ ಇನ್ನೊಂದು ಕಡೆ ಔಷಧವಾಯಿತು. ಪ್ರಮಾಣ ಎಂಬ ಒಂದೇ ಮಾತಿನ ಮೇಲೆ ನಿಂತ ವ್ಯತ್ಯಾಸ ಅದು.

ಅತ್ತ ಈ ಹುಡುಕಾಟ ನಡೆಯುವಾಗ ಇತ್ತ ಮಡಕಶಿರವಿದ್ದ ಮದ್ರಾಸ್ ಪ್ರಾಂತ್ಯದಲ್ಲೂ ಕಾಯಿಲೆ ಕಣ್ಣಿಗೆ ಬಿದ್ದಿತ್ತು. ಮೊದಲು ಕಂಡವರು ರೈತರು, ಮೊದಲು ಕಂಡದ್ದು ಎತ್ತುಗಳಲ್ಲಿ. ನೆಲ್ಲೂರು ಜಿಲ್ಲೆಯ ಒಣ ತಾಲೂಕುಗಳಲ್ಲಿ ದುಡಿಯುವ ಎತ್ತು ಕಾಲೆಳೆಯತೊಡಗುವುದು. ಮಾರಿ ಬೇರೆ ಊರಿನಿಂದ ಹೊಸ ಜೋಡಿ ತಂದರೆ ಕೆಲವು ವರ್ಷಕ್ಕೆ ಅದರದೂ ಅದೇ ಗತಿ. 1937ರಲ್ಲಿ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಎಚ್.ಇ. ಶಾರ್ಟ್ ಮತ್ತು ಮೆಕ್‌ರಾಬರ್ಟ್, ಬರ್ನಾರ್ಡ್, ಮನ್ನಾಡಿ ನಾಯರ್ ಸೇರಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಅಲ್ಲಿನ ಮನುಷ್ಯರ ಸ್ಥಿತಿಯನ್ನು ವರದಿ ಮಾಡಿದರು. ಬೆನ್ನುಮೂಳೆ ಬಿದಿರಿನಂತೆ ಸೆಟೆದು, ಕತ್ತು ತಿರುಗಿಸಲಾಗದ, ಬಗ್ಗಲಾಗದ ನಡುವಯಸ್ಸಿನ ಕೂಲಿಗಳು. ಅವರ ಬಾಯಲ್ಲಿ ಮೆಕೇ ಕಂಡಿದ್ದ ಅದೇ ಕಂದು ಪಟ್ಟಿ. ಫ್ಲೋರೈಡಿನಿಂದ ಬರುವ ಈ ಕಾಯಿಲೆ, ಫ್ಲೋರೋಸಿಸ್, ಆ ವರದಿಯಲ್ಲಿ ಎದ್ದು ಕಂಡದ್ದು ಹಲ್ಲಿನಲ್ಲಲ್ಲ, ಮೂಳೆಯಲ್ಲಿ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬಡವರ ನಾಡಿನಲ್ಲಿ ಹಲ್ಲಿನ ಕಲೆಯನ್ನು ಯಾರೂ ಕಾಯಿಲೆ ಎಂದು ಬರೆಸುವುದಿಲ್ಲ.

ಹಾಗಾದರೆ ಮಡಕಶಿರದ ಹಳಬರಿಗೂ ಈ ಹಲ್ಲು ಇತ್ತೇ? ಅಲ್ಲೊಂದು ಇಲ್ಲೊಂದು ಊರಿನಲ್ಲಿ ಇದ್ದಿರಬಹುದು. ನಾವು ಕಂಡ ಅಜ್ಜಿಯರ ಹಲ್ಲು ಎಲೆ ಅಡಿಕೆಗೆ ಕೆಂಪಾಗಿದ್ದವು, ಸವೆದಿದ್ದವು. ಆದರೆ ಸುಣ್ಣದ ಮಚ್ಚೆ ಅಪರೂಪ. ಅವರು ಕುಡಿದು ಬೆಳೆದದ್ದು ಮೇಲಿನ ನೀರು. ಕೆರೆಯ ಅಂಗಳದ ಸಿಹಿನೀರ ಬಾವಿ, ಮೆಟ್ಟಿಲಿಳಿದು ಕೊಡ ಅದ್ದುವ ಕಲ್ಲುಬಾವಿ, ಪಾವಗಡ ಮಧುಗಿರಿ ಸೀಮೆಯಲ್ಲಾದರೆ ಮರಳು ಕೆದಕಿದರೆ ಊಟೆಯೊಡೆಯುತ್ತಿದ್ದ ತಲಪರಿಗೆ. ಮಳೆ ಬಿದ್ದು ಒಂದೆರಡು ವರ್ಷದಲ್ಲೇ ಕೈಗೆ ಸಿಗುವ ನೀರು ಅದು. ಬಂಡೆಯ ಜೊತೆ ಬಹುಕಾಲ ಕುಳಿತದ್ದಲ್ಲ.

ಬಂಡೆಯ ಜೊತೆ ಕುಳಿತರೆ ಏನಾಗುತ್ತದೆ? ನಮ್ಮ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಎಂಬ ಬಹು ಹಳೆಯ ಶಿಲೆ. ಅದರಲ್ಲಿ ಕಪ್ಪು ಕಾಗೆಬಂಗಾರದ ಚೂರುಗಳು, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳು ಸೇರಿವೆ. ಫ್ಲೋರಿನ್ ಇರುವುದು ಇವುಗಳಲ್ಲಿ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದಕ್ಕೆ ಅಂಟಿಕೊಂಡು ಕೆಳಗೆ ಕೂರುತ್ತದೆ. ಆಳದ ನೀರು ಬಿರುಕುಗಳಲ್ಲಿ ಹತ್ತಾರು ವರ್ಷ ನಿಂತು ಕ್ಯಾಲ್ಸಿಯಂ ಕಳೆದುಕೊಂಡು ಸೋಡಾ ಹೆಚ್ಚಿಸಿಕೊಂಡಾಗ ಫ್ಲೋರೈಡನ್ನು ಹಿಡಿಯುವವರಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದನ್ನು ತೊಳೆದು ಸಾಗಿಸುವಷ್ಟು ಹೊಸ ನೀರೂ ಇಳಿಯುವುದಿಲ್ಲ. ಕಣ್ಣಿಗೆ ಅದು ತಿಳಿನೀರು. ನಾಲಿಗೆಗೆ ಸವುಳು ಹತ್ತೀತು, ಫ್ಲೋರೈಡ್ ಹತ್ತುವುದಿಲ್ಲ.

ಆ ನೀರಿಗೆ ಬಾಗಿಲು ತೆರೆದದ್ದು ಬೋರ್‌ವೆಲ್ಲು. 1970ರ ದಶಕದ ಬರಗಾಲಗಳಲ್ಲಿ ಕಾಲರಾ, ನಾರುಹುಣ್ಣು ತಪ್ಪಿಸಲು ಕೊಳವೆಬಾವಿ ಕೊರೆಯುವ ದೊಡ್ಡ ಕಾರ್ಯಕ್ರಮ ದೇಶದಲ್ಲೆಲ್ಲ ನಡೆಯಿತು. ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಆ ದಶಕದ ಕೊನೆಯಿಂದ ಊರೂರಿಗೆ ಬಂತು. ಅದನ್ನು ತಂದವರ ಉದ್ದೇಶದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಎಷ್ಟೋ ಕೂಸುಗಳು ವಾಂತಿಭೇದಿಯಿಂದ ಉಳಿದವು. ನಮ್ಮ ಕಡೆ ಅದರ ಹಿಂದೆಯೇ ಕಡಲೆಕಾಯಿ, ಹಿಪ್ಪುನೇರಳೆ, ಅಡಿಕೆ ತೋಟಗಳಿಗೆ ಬೋರು ಇಳಿದವು. ಇನ್ನೂರು ಅಡಿ ನಾನೂರಾಯಿತು, ನಾನೂರು ಎಂಟುನೂರಾಯಿತು. ಕಲ್ಲುಬಾವಿಗಳು ಒಣಗಿ ಕಸದ ಗುಂಡಿಗಳಾದವು. ಒಂದೇ ತಲೆಮಾರಿನೊಳಗೆ ಊರಿಗೆ ಊರೇ ಮಳೆಯ ನೀರು ಬಿಟ್ಟು ಬಂಡೆಯ ನೀರು ಕುಡಿಯತೊಡಗಿತು. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಬಿಸಿಲ ನಾಡಿಗೆ ಇದೂ ಉದಾರವೇ. ಅಮೆರಿಕದ ಗ್ಯಾಲಗನ್ ಎಂಬವನು 1957ರಲ್ಲೇ ತೋರಿಸಿದಂತೆ, ಸೆಕೆ ಹೆಚ್ಚಿದಷ್ಟೂ ಮಗು ಹೆಚ್ಚು ನೀರು ಕುಡಿಯುತ್ತದೆ. ಅದೇ ನೀರು, ದೇಹಕ್ಕೆ ಹೋಗುವ ಫ್ಲೋರೈಡ್ ಹೆಚ್ಚು. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಹಿಮದಲ್ಲಿ ಬೆಳೆಯುವ ಕೂಸಿನ ಲೆಕ್ಕ ಏಪ್ರಿಲ್ ತಿಂಗಳ ಮಡಕಶಿರದ ಕೂಸಿಗೆ ಹೊಂದುವುದಿಲ್ಲ.

ಹಲ್ಲಿನ ಒಳಗೆ ಆಗುವುದೇನೆಂದು ಹೇಳದೆ ಮುಂದೆ ಹೋದರೆ ರಿಪೇರಿಯ ಕಥೆ ಅರ್ಥವಾಗುವುದಿಲ್ಲ. ಹಲ್ಲಿನ ಹೊರಕವಚ, ಎನಾಮಲ್, ದೇಹದ ಅತಿ ಗಟ್ಟಿ ಪದಾರ್ಥ. ಅದನ್ನು ಕಟ್ಟುವ ಜೀವಕೋಶಗಳು ಮೊದಲು ಪ್ರೋಟೀನಿನ ಹಂದರ ಹಾಕುತ್ತವೆ, ಆಮೇಲೆ ಪ್ರೋಟೀನನ್ನು ತೆಗೆಯುತ್ತ ಆ ಜಾಗದಲ್ಲಿ ಹರಳು ತುಂಬಿಸುತ್ತವೆ. ಫ್ಲೋರೈಡ್ ಅತಿಯಾದರೆ ಪ್ರೋಟೀನು ಪೂರ್ತಿ ಹೊರಬರುವುದಿಲ್ಲ, ಮೇಲ್ಪದರ ಗಟ್ಟಿಯಾಗುತ್ತದೆ, ಅದರ ಕೆಳಗೆ ಸೂಕ್ಷ್ಮ ರಂಧ್ರಗಳ ಪದರ ಉಳಿಯುತ್ತದೆ. ಸೆಂಟ್ರಿಂಗ್ ಹಲಗೆ ಒಳಗೇ ಬಿಟ್ಟು ಮೇಲೆ ಗಾರೆ ಮಾಡಿದ ಗೋಡೆಯಂತೆ. ಬೆಳಕು ಆ ರಂಧ್ರಗಳಲ್ಲಿ ಚದುರಿ ಸುಣ್ಣದ ಬಿಳಿ ಕಾಣುತ್ತದೆ. ಹಲ್ಲು ಹುಟ್ಟಿದ ಮೇಲೆ ಚಹಾ, ಅರಿಸಿನ, ನೀರಿನ ಕಬ್ಬಿಣ ಒಳಗಿಳಿದು ಬಿಳಿ ಕಂದಾಗುತ್ತದೆ. ತೀವ್ರವಾದರೆ ಮೇಲ್ಪದರವೇ ಚಕ್ಕೆಯೆದ್ದು ಗುಳಿ ಬೀಳುತ್ತದೆ. ಮೇಲಿನ ಮುಂಬಲ್ಲುಗಳಿಗೆ ಈ ಎಲ್ಲ ಕೆಲಸ ನಡೆಯುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಏಳನೇ ವಯಸ್ಸಿನಲ್ಲಿ ಹಲ್ಲು ಹೊರಬಂದಾಗ ತಾಯಿ ಕಾಣುವುದು ಆಗಲೇ ಮುಗಿದುಹೋದ ಸಂಗತಿಯನ್ನು.

ಮುಗಿದದ್ದನ್ನು ತಿದ್ದುವ ಮೊದಲ ಪ್ರಯತ್ನವೂ ಕೊಲರಾಡೋ ಸ್ಪ್ರಿಂಗ್ಸ್‌ನದೇ. 1916ರಲ್ಲಿ ವಾಲ್ಟರ್ ಕೇನ್ ಎಂಬ ದಂತವೈದ್ಯ ಹೈಡ್ರೋಕ್ಲೋರಿಕ್ ಆಮ್ಲವನ್ನು, ನಮ್ಮ ಕಡೆ ಟಾಯ್ಲೆಟ್ ತೊಳೆಯಲು ತರುವ ಆ್ಯಸಿಡ್ಡಿನ ಜಾತಿಯದ್ದನ್ನು, ಕಾವು ಕೊಟ್ಟು ಕಲೆಯ ಮೇಲೆ ಹಚ್ಚಿ ಉಜ್ಜಿದ. ಕಂದು ಹೋಯಿತು. ಈ ವಿದ್ಯೆ ಕೆಲವರ ಕೈಯಲ್ಲಷ್ಟೇ ಉಳಿದು ಎಪ್ಪತ್ತು ವರ್ಷ ಮರೆಯಲ್ಲಿತ್ತು. 1986ರಲ್ಲಿ ಕ್ರಾಲ್ ಮತ್ತು ಕ್ಯಾವನಾ 18 ಶೇಕಡದ ಆಮ್ಲಕ್ಕೆ ಪ್ಯೂಮಿಸ್ ಪುಡಿ ಕಲಸಿ, ಕಾವಿಲ್ಲದೆ, ಅಳತೆಯಿಟ್ಟು ಮಾಡುವ ಕ್ರಮವನ್ನು ಪ್ರಕಟಿಸಿದರು. ಈಗಿನ ದಂತವೈದ್ಯರು ಮೈಕ್ರೋಅಬ್ರೇಷನ್ ಎನ್ನುವುದು ಇದನ್ನೇ. ಈ ನಡುವೆ 1966ರಲ್ಲಿ ಮ್ಯಾಕಿನ್ಸ್ ಎಂಬವನು ಆಮ್ಲ ಐದು ಪಾಲು, ಹೈಡ್ರೋಜನ್ ಪೆರಾಕ್ಸೈಡ್ ಐದು ಪಾಲು, ಈಥರ್ ಒಂದು ಪಾಲು ಕೂಡಿಸಿದ ದ್ರಾವಣ ಬಳಸಿದ್ದ. ಆ ‘ಮ್ಯಾಕಿನ್ಸ್ ದ್ರಾವಣ’ ಅಗ್ಗ, ಕ್ಲಿನಿಕ್ಕಿನಲ್ಲೇ ಕಲಸಬಹುದು. ಅದಕ್ಕೇ ಭಾರತದ ದಂತ ಕಾಲೇಜುಗಳ ಪ್ರಬಂಧಗಳಲ್ಲಿ ಅದರ ಹೆಸರು ಇಂದಿಗೂ ಸಿಗುತ್ತದೆ. ಮುಂದೆ ಆಮ್ಲದ ಬದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಹೊಸ ರೂಪವೂ ಬಂತು.

ಉಜ್ಜಿ ತೆಗೆಯುವುದು ಒಂದು ದಾರಿ, ಮುಚ್ಚುವುದು ಇನ್ನೊಂದು. ಹಾಲಿವುಡ್ ನಟರಿಗೆ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ಪಿಂಗಾಣಿಯ ತೆಳು ಮುಖವಾಡ ಮಾಡಿಕೊಡುತ್ತಿದ್ದ. ಶೂಟಿಂಗ್ ಮುಗಿಯುವವರೆಗೆ ಅಂಟಿನಲ್ಲಿ ನಿಂತಿದ್ದರೆ ಸಾಕಿತ್ತು. ಹಲ್ಲಿಗೆ ಗಟ್ಟಿಯಾಗಿ ಹಿಡಿಸುವುದು ಹೇಗೆ ಎಂಬುದೇ ಪ್ರಶ್ನೆ. ಬಾಯಿ ಎಂದರೆ ಸದಾ ತೇವ, ಬಿಸಿ ತಣ್ಣಗೆ, ಅಗಿಯುವ ಬಲ. ಉತ್ತರ 1955ರಲ್ಲಿ ಮೈಕೆಲ್ ಬ್ವೊನೊಕೋರ್‌ನಿಂದ ಬಂತು. ಲೋಹಕ್ಕೆ ಬಣ್ಣ ಹಚ್ಚುವ ಮೊದಲು ಫಾಸ್ಫಾರಿಕ್ ಆಮ್ಲದಲ್ಲಿ ತೊಳೆಯುವ ಕಾರ್ಖಾನೆಯ ಪದ್ಧತಿ ನೋಡಿ, ಅದೇ ಆಮ್ಲವನ್ನು ಎನಾಮಲ್ ಮೇಲೆ ಅರ್ಧ ನಿಮಿಷ ಇಟ್ಟ. ನುಣುಪಾದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಯಿತು, ಅಂಟು ಕಚ್ಚಿಕೊಂಡಿತು. ಬೀಸುಕಲ್ಲನ್ನು ಮುಳ್ಳುಹಾಕಿ ತರಿ ಮಾಡಿಸಿದ್ದನ್ನು ನೋಡಿದವರಿಗೆ ಈ ತರ್ಕ ಕೂಡಲೇ ಹೊಳೆಯುತ್ತದೆ. 1962ರಲ್ಲಿ ರಫೇಲ್ ಬೋವೆನ್ ರಾಳದಲ್ಲಿ ಗಾಜಿನಂಥ ಪುಡಿ ಬೆರೆಸಿದ ಕಾಂಪೋಸಿಟ್‌ಗೆ ಪೇಟೆಂಟ್ ಪಡೆದ. ನಾವು ‘ಹಲ್ಲಿನ ಬಣ್ಣದ ಸಿಮೆಂಟು’ ಎನ್ನುವುದು ಅದರ ಸಂತತಿಯನ್ನೇ. 1983ರಲ್ಲಿ ಪಿಂಗಾಣಿಯ ಒಳಮೈಯನ್ನೂ ಆಮ್ಲದಲ್ಲಿ ತರಿ ಮಾಡಿ ಅಂಟಿಸುವ ವಿಧಾನ ಬಂದ ಮೇಲೆ ಪಿಂಕಸ್‌ನ ಮುಖವಾಡ ವರ್ಷಗಟ್ಟಲೆ ನಿಲ್ಲುವ ವೆನೀರ್ ಆಯಿತು.

ಅಂಟಿಸುವ ಈ ಸಂಶೋಧನೆಯೆಲ್ಲ ನಡೆದದ್ದು ಸಹಜ ಹಲ್ಲುಗಳ ಮೇಲೆ. ಫ್ಲೋರೋಸಿಸ್ ಹಲ್ಲಿಗೆ ಬಂದರೆ ಲೆಕ್ಕ ತಪ್ಪುತ್ತದೆ, ಮತ್ತು ಇಲ್ಲಿಯೇ ನಮ್ಮ ನಾಡಿನ ಪ್ರಯೋಗಾಲಯಗಳ ಕೆಲಸ ಬೆಲೆಯುಳ್ಳದ್ದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ದಂತ ಕಾಲೇಜು 1965ರಲ್ಲಿ ಶುರುವಾದವು. ಆಮೇಲೆ ದಾವಣಗೆರೆ, ತುಮಕೂರುಗಳಲ್ಲೂ ಕಾಲೇಜುಗಳಾದವು, ಅಂದರೆ ಕಂದು ಹಲ್ಲಿನ ಸೀಮೆಯ ಬಾಗಿಲಿಗೇ ದಂತವಿಜ್ಞಾನ ಬಂತು. ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ನೀರಿನ ಫ್ಲೋರೈಡ್ ಏರಿದಂತೆಲ್ಲ ಹಲ್ಲಿನ ಫ್ಲೋರೋಸಿಸ್ ಏರುವುದನ್ನು ಎಣಿಸಿ ತೋರಿಸಿದ ಅಧ್ಯಯನ 2004ರಲ್ಲಿ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಹಲ್ಲಿನ ಮೇಲೆ ಕಾಂಪೋಸಿಟ್ ನಿಲ್ಲಿಸುವವರಿಗೆ ಎದುರಾದದ್ದು ಬೇರೆ ತೊಡಕು. ಫ್ಲೋರೋಸಿಸ್ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ಮಾಮೂಲಿಯಾಗಿ 15ರಿಂದ 30 ಸೆಕೆಂಡು ಆಮ್ಲ ಇಟ್ಟರೆ ಸಾಕಾಗುವಲ್ಲಿ ಇಲ್ಲಿ ಹೆಚ್ಚು ಹೊತ್ತು ಇಡಬೇಕು ಅಥವಾ ಮೇಲ್ಪದರವನ್ನು ಮೊದಲು ತುಸು ಕೆರೆಯಬೇಕು. ಕೆರೆದರೆ ಕೆಳಗಿನ ಟೊಳ್ಳು ಪದರ ಸಿಗುತ್ತದೆ, ಅಂಟು ಅಲ್ಲಿ ಹಿಡಿಯುವುದೋ ಕಿತ್ತುಬರುವುದೋ ಎಂಬ ಆತಂಕ. ಕಿತ್ತ ಹಲ್ಲುಗಳನ್ನು ಅಚ್ಚಿನಲ್ಲಿ ಕೂರಿಸಿ, ಅಂಟಿಸಿದ ಕಾಂಪೋಸಿಟನ್ನು ಯಂತ್ರದಿಂದ ಮುರಿದು, ಎಷ್ಟು ಬಲಕ್ಕೆ ಬಿಟ್ಟಿತು ಎಂದು ಅಳೆಯುವ ಪರೀಕ್ಷೆಗಳು ಎಷ್ಟೋ ನಡೆದಿವೆ. ಫಲಿತಾಂಶಗಳು ಒಂದೇ ರೀತಿ ಬಂದಿಲ್ಲ. ಕಲೆ ಹಗುರವಿದ್ದಲ್ಲಿ ಅಂಟು ಸರಿಯಾಗಿಯೇ ನಿಂತಿದೆ, ತೀವ್ರವಿದ್ದಲ್ಲಿ ಸೋತಿದೆ ಎನ್ನುವುದು ಒಟ್ಟು ಒಲವು. ಬೆಂಗಳೂರಿನಲ್ಲಿ ವೆನೀರ್ ಮಾಡಿಸಿಕೊಂಡ ಹುಡುಗಿಯ ಹಲ್ಲಿನ ಅಂಚು ಎರಡನೇ ವರ್ಷಕ್ಕೆ ಚಕ್ಕೆಯೆದ್ದರೆ ಅದಕ್ಕೆ ವೈದ್ಯರ ಕೈಗುಣವೊಂದೇ ಕಾರಣ ಅಂದುಕೊಳ್ಳಬಾರದು.

ಇತ್ತೀಚಿನ ಒಂದು ವಿಧಾನದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಅದು ಕಲೆಯ ಮೂಲವನ್ನೇ ಹಿಡಿದು ಯೋಚಿಸಿದ್ದು. ಬೆಳಕು ಒಂದು ಪದಾರ್ಥದಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆ. ಎನಾಮಲ್‌ನ ವಕ್ರೀಭವನಾಂಕ 1.62, ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ಗಾಳಿ ತುಂಬಿದಾಗ ವ್ಯತ್ಯಾಸ ದೊಡ್ಡದು, ಮಚ್ಚೆ ಎದ್ದು ಕಾಣುತ್ತದೆ. ನೀರು ತುಂಬಿದಾಗ ವ್ಯತ್ಯಾಸ ಇಳಿಯುತ್ತದೆ, ಮಚ್ಚೆ ಮಂಕಾಗುತ್ತದೆ. ಬಾಯಿ ತೆರೆದು ಮಲಗಿ ಎದ್ದ ಮಗುವಿನ ಹಲ್ಲು ಬೆಳಿಗ್ಗೆ ಇನ್ನೂ ಬೆಳ್ಳಗೆ ಮಚ್ಚೆಮಚ್ಚೆಯಾಗಿ ಕಾಣುವುದು ಇದರಿಂದಲೇ. ಹಾಗಾದರೆ ಎನಾಮಲ್‌ಗೆ ಹತ್ತಿರದ ಅಂಕವಿರುವ ತೆಳು ರಾಳವನ್ನೇ ರಂಧ್ರಕ್ಕೆ ಕುಡಿಸಿದರೆ? ಜರ್ಮನಿಯಲ್ಲಿ ಮೇಯರ್ ಲ್ಯುಕೆಲ್ ಮತ್ತು ಪಾರಿಸ್ ಎಂಬ ಸಂಶೋಧಕರ ಕೆಲಸದಿಂದ 2009ರಲ್ಲಿ ‘ಐಕಾನ್’ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು.

ಕುರ್ಚಿಯಲ್ಲಿ ಅದು ನಡೆಯುವುದು ಹೀಗೆ. ಹಲ್ಲುಗಳ ಸುತ್ತ ರಬ್ಬರ್ ಹಾಳೆ ಬಿಗಿದು ಒಸಡನ್ನು ಕಾಪಾಡುತ್ತಾರೆ. 15 ಶೇಕಡದ ಆಮ್ಲದ ಜೆಲ್ಲನ್ನು ಎರಡು ನಿಮಿಷ ಹಚ್ಚಿ ತೊಳೆಯುತ್ತಾರೆ. ಒಣಗಿಸಿದಾಗ ಹಲ್ಲು ಮೊದಲಿಗಿಂತ ವಿಕಾರವಾಗಿ, ಸೀಮೆಸುಣ್ಣದಂತೆ ಕಾಣುತ್ತದೆ. ಕನ್ನಡಿ ಕೊಟ್ಟರೆ ಮಕ್ಕಳು ಅಳುತ್ತಾರೆ. ಆಮೇಲೆ ಮದ್ಯಸಾರದ ಒಂದು ಹನಿ ಬಿಡುತ್ತಾರೆ. ಆ ಹನಿ ಹರಡಿದ ಕಡೆಯೆಲ್ಲ ಮಚ್ಚೆ ಕೆಲವು ಕ್ಷಣ ಮಾಯವಾಗುತ್ತದೆ. ಹನಿಗೆ ಮಚ್ಚೆ ಮಾಯವಾದರೆ ರಾಳಕ್ಕೂ ಮಾಯವಾದೀತು ಎಂಬ ಸುಳಿವು ಅದು. ಆಗದಿದ್ದರೆ ಆಮ್ಲ ಇನ್ನೊಮ್ಮೆ. ಕೊನೆಗೆ ರಾಳ ಹಚ್ಚಿ ಮೂರು ನಿಮಿಷ ಕಾಯುತ್ತಾರೆ, ಅದು ತಾನಾಗಿ ಒಳಗೆ ಇಂಗುತ್ತದೆ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಚುಚ್ಚುಮದ್ದಿಲ್ಲ, ಡ್ರಿಲ್ಲಿಲ್ಲ. ಬಿಳಿ ಮಚ್ಚೆಗೆ ಇದು ಚೆನ್ನಾಗಿ ಒಗ್ಗುತ್ತದೆ; ಗಾಢ ಕಂದಿಗೆ ಮೊದಲು ಬ್ಲೀಚಿಂಗ್ ಅಥವಾ ಮೈಕ್ರೋಅಬ್ರೇಷನ್ ಬೇಕು, ಗುಳಿ ಬಿದ್ದಿದ್ದರೆ ಕಾಂಪೋಸಿಟ್ಟೇ ಗತಿ. ಬರೀ ಬ್ಲೀಚಿಂಗ್ ಮಾಡಿಸಿದವರು ನಿರಾಶರಾಗುವುದುಂಟು, ಕಂದು ತಿಳಿಯಾಗಿ ಬಿಳಿ ಮಚ್ಚೆ ಹಾಗೇ ಉಳಿದುಬಿಡುತ್ತದೆ.

ಖರ್ಚಿನ ಮಾತು ಬಿಡುವಂತಿಲ್ಲ. ಮಡಕಶಿರದಿಂದ ಹಿಂದೂಪುರಕ್ಕೋ ತುಮಕೂರಿಗೋ ಬೆಂಗಳೂರಿಗೋ ಬಸ್ಸಿನಲ್ಲಿ ಹೋಗಿ, ಕೂಲಿ ಬಿಟ್ಟು, ಮೂರು ನಾಲ್ಕು ಸಲ ಕುರ್ಚಿಯಲ್ಲಿ ಕೂರಬೇಕು. ಹೆಚ್ಚಿನ ಮನೆಗಳವರು ಆ ದಾರಿ ಹಿಡಿಯುವುದು ಮಗಳಿಗೆ ಗಂಡು ಗೊತ್ತಾಗುವ ಹೊತ್ತಿಗೆ. ‘ಲಗ್ನದೊಳಗೆ ಬೆಳ್ಳಗಾದ್ರೆ ಸಾಕು ಡಾಕ್ಟ್ರೇ’ ಎಂಬ ತಾಯಿಯ ಮಾತಿನ ಭಾರ ನನಗೆ ಗೊತ್ತು. ಸೌಂದರ್ಯ ಚಿಕಿತ್ಸೆ ಎಂದು ಇದನ್ನು ಸರ್ಕಾರಿ ಪಟ್ಟಿಗಳಲ್ಲಿ ಬದಿಗಿಡುವುದು ಸರಿಯಲ್ಲ ಎಂದೇ ನನ್ನ ನಿಲುವು. ಸರ್ಕಾರದ ಕೊಳವೆಯಿಂದ ಬಂದ ನೀರು ಕೆಡಿಸಿದ ಹಲ್ಲನ್ನು ಸರಿಪಡಿಸುವುದು ಅಲಂಕಾರವಾಗುವುದು ಹೇಗೆ? 2008–09ರಲ್ಲಿ ಕೇಂದ್ರ ಶುರುಮಾಡಿದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದ ಒತ್ತು ಪತ್ತೆ, ತರಬೇತಿ, ಮೂಳೆಯ ಕಾಯಿಲೆಗಳ ಮೇಲಿದೆ. ಹದಿನಾರರ ಹುಡುಗಿಯ ಮುಚ್ಚಿದ ತುಟಿ ಅದರ ಲೆಕ್ಕದಲ್ಲಿ ಬರುವುದು ಕಡಿಮೆ.

ನೀರನ್ನೇ ಸರಿಪಡಿಸುವ ಯತ್ನಗಳೂ ನಡೆದವು. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಕೊಟ್ಟ ನಲ್ಗೊಂಡ ವಿಧಾನ ಮನೆಯ ಬಕೆಟ್ಟಿನಲ್ಲೇ ಮಾಡುವಂಥದ್ದು: ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಹತ್ತು ನಿಮಿಷ ನಿಧಾನಕ್ಕೆ ಕಲಕಿ ಒಂದು ಗಂಟೆ ಬಿಟ್ಟರೆ ಫ್ಲೋರೈಡ್ ಗಸಿಯ ಜೊತೆ ತಳಕ್ಕಿಳಿಯುತ್ತದೆ. ನಿತ್ಯ ಅಷ್ಟು ತಾಳ್ಮೆ ಯಾವ ಮನೆಯಲ್ಲಿದೆ? ಅನಂತಪುರ ಜಿಲ್ಲೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟಿನ ಕುಡಿಯುವ ನೀರಿನ ಯೋಜನೆ. 1994ರ ನವೆಂಬರಿನಲ್ಲಿ ಘೋಷಣೆಯಾಗಿ, ಮುಂದಿನ ಕೆಲವೇ ವರ್ಷಗಳಲ್ಲಿ 731 ಹಳ್ಳಿಗಳಿಗೆ ನೀರು ಮುಟ್ಟಿತು. 1999ರಲ್ಲಿ ಅಂಚೆ ಇಲಾಖೆ ಅದರ ಮೇಲೆ ಚೀಟಿಯನ್ನೂ ಹೊರಡಿಸಿತು. ಆಮೇಲೆ ಊರೂರಿಗೆ ಆರ್‌ಒ ಘಟಕ, ಇಪ್ಪತ್ತು ಲೀಟರಿನ ಕ್ಯಾನು. ಈಗ ಹಂದ್ರಿ–ನೀವಾ ಕಾಲುವೆಯ ಮಡಕಶಿರ ಶಾಖೆಯಿಂದ ಶ್ರೀಶೈಲದ ಕೃಷ್ಣಾ ನೀರಿನ ಆಸೆ.

ಹುಣಸೆಯ ಸಂಗತಿಯೊಂದು ಹೇಳಲೇಬೇಕು. ಹಿಂದೂಪುರದ ಹುಣಸೆ ಮಂಡಿ ಗೊತ್ತಿಲ್ಲದವರಿಲ್ಲ, ನಮ್ಮ ಹೊಲದ ಬದುಗಳಲ್ಲೆಲ್ಲ ಆ ಮರವೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಅರ್ಜುನ್ ಖಂಡಾರೆ ಮತ್ತು ಸಂಗಡಿಗರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟು ನೋಡಿದರು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. 2002ರಲ್ಲಿ ಅದು ಪ್ರಕಟವಾಯಿತು. ಕಟ್ಟಿ ಮುಗಿದ ಹಲ್ಲನ್ನು ಅದು ಬೆಳ್ಳಗೆ ಮಾಡುವುದಿಲ್ಲ. ಆದರೂ ಸಾರಿನಲ್ಲಿ ಹುಣಸೆ ಕಿವುಚುವ ಅಜ್ಜಿಯ ಕೈ ಮೊಮ್ಮಗನ ಮೂಳೆಗೆ ಏನೋ ಒಂದಿಷ್ಟು ಸಹಾಯ ಮಾಡುತ್ತಿತ್ತು ಎಂದು ತಿಳಿದಾಗ ನನಗೆ ಆದ ಸಂತೋಷ ದೊಡ್ಡದು.

ಹಲ್ಲು ಕಟ್ಟಿಕೊಳ್ಳುವುದು ಕಚ್ಚುವ ತುದಿಯಿಂದ ಒಸಡಿನ ಕಡೆಗೆ, ಪದರ ಪದರವಾಗಿ. ಕಂದುಪಟ್ಟಿಗಳು ಅಡ್ಡಡ್ಡ ಕಾಣುವುದು ಅದಕ್ಕೇ. ಒಂದೊಂದು ಪಟ್ಟಿಯೂ ಮಗುವಿನ ಒಂದೊಂದು ಕಾಲ. ಮಗುವಿಗೆ ಎರಡೋ ಮೂರೋ ವರ್ಷವಾದಾಗ ಊರಿನ ನೀರು ಬದಲಾಗಿದ್ದರೆ ಹಲ್ಲಿನ ತುದಿ ಒಂದು ಬಣ್ಣ, ಬುಡ ಒಂದು ಬಣ್ಣ. ಗೆರೆ ಎಳೆದಷ್ಟು ಖಚಿತವಲ್ಲ, ಅಂಚು ಮಸುಕಾಗಿರುತ್ತದೆ. ರೊಳ್ಳದ ಕಡೆಯ ಹುಡುಗನೊಬ್ಬನ ಹಲ್ಲನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತುದಿಯಲ್ಲಿ ಕಂದು, ನಡುವೆ ಸುಣ್ಣ, ಒಸಡಿನ ಹತ್ತಿರ ಉಗುರಿನಗಲ ಸ್ವಚ್ಛ ಬಿಳಿ. ಅವನ ತಾಯಿಯನ್ನು ಕೇಳಿದೆ, ನಿಮ್ಮೂರಿಗೆ ನಲ್ಲಿ ನೀರು ಯಾವಾಗ ಬಂತಮ್ಮಾ ಎಂದು. ಅವಳು ವರ್ಷ ಹೇಳಲಿಲ್ಲ. ‘ಇವನು ಆಗಿನ್ನೂ ನನ್ನ ಸೆರಗು ಹಿಡ್ಕೊಂಡು ಬರ್ತಿದ್ದ, ಬಿಂದಿಗೆ ಹೊರಕ್ಕೆ ಹೋದಾಗ’ ಅಂದಳು.